ನಕ್ಷೆಯಲ್ಲಿಲ್ಲದ ನಾಡಿನ ದಂಡು

ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಲೋಹದ ಸಿಪಾಯಿ. ಮೊಣಕಾಲಿನವರೆಗೆ ಇಳಿಬಿದ್ದ ಕೋಟು, ಮೂರು ಮೂಲೆಯ ಟೋಪಿ, ಹೆಗಲಿಗೆ ಕೋವಿ. ಕೋಟಿನ ಗುಂಡಿಗಳು ಗಸಗಸೆಗಿಂತ ಸಣ್ಣವು, ಆದರೂ ಎಣಿಸಬಹುದು. ಕೋಟು ನೀಲಿ, ತೋಳಿನ ತುದಿಯ ಮಡಿಕೆ ಹಳದಿ. ಇವನು ಯಾವ ದೇಶದವನೆಂದು ಇತಿಹಾಸದ ಪುಸ್ತಕಗಳನ್ನು ಎಷ್ಟು ತಿರುವಿದರೂ ಸಿಗುವುದಿಲ್ಲ. ಅಂಥ ದೇಶವೇ ಇಲ್ಲ. ಇವನನ್ನು ಮಾಡಿದವರೇ ಇವನ ದೇಶವನ್ನೂ ಮಾಡಿದ್ದಾರೆ.

ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನು ಹೂಡಿ, ಅಳತೆಪಟ್ಟಿ ಮತ್ತು ದಾಳ ಇಟ್ಟುಕೊಂಡು ಆಡುವ ಯುದ್ಧದಾಟಕ್ಕೆ ವಾರ್‌ಗೇಮ್ ಎಂದು ಹೆಸರು. ಅದರ ಒಂದು ಬೇರು ನಮ್ಮ ಚತುರಂಗಕ್ಕೇ ಹೋಗಿ ಮುಟ್ಟುತ್ತದೆ. ಇಲ್ಲಿಂದ ಪರ್ಷಿಯಾ ದಾಟಿ ಯುರೋಪು ಸೇರಿದ ಆ ಮಣೆಯನ್ನು 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಗಣಿತಜ್ಞ ಹೆಲ್ವಿಗ್ ಹಿಗ್ಗಿಸಿದರು. ಮನೆಗಳಿಗೆ ಬೆಟ್ಟ, ನೀರು, ಜೌಗಿನ ಬಣ್ಣ ಕೊಟ್ಟು ಸೈನ್ಯದ ಆಟವಾಗಿಸಿದರು. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಬರೆದು, ಮನೆಯ ನೆಲದ ಮೇಲೆ ಆಟಿಕೆ ಸಿಪಾಯಿಗಳಿಂದ ಆಡುವ ಕ್ರಮವನ್ನು ಎಲ್ಲರಿಗೂ ಹೇಳಿಕೊಟ್ಟರು. ಮುಂದೆ 1967ರಲ್ಲಿ ಪೀಟರ್ ಯಂಗ್ ಮತ್ತು ಲಾಫರ್ಡ್ ಅವರ ‘ಚಾರ್ಜ್!’, 1971ರಲ್ಲಿ ಚಾರ್ಲ್ಸ್ ಗ್ರಾಂಟ್ ಅವರ ‘ದ ವಾರ್ ಗೇಮ್’ ಬಂದವು. ಈ ಎರಡು ಇಂಗ್ಲಿಷ್ ಪುಸ್ತಕಗಳಲ್ಲಿ ಕಾದಾಡುವುದು ಲೇಖಕರೇ ಕಟ್ಟಿದ ಸೈನ್ಯಗಳು. ಇಂಥ ಸೈನ್ಯಗಳಿಗಾಗಿ ಕಲ್ಪಿಸಿದ ನಾಡುಗಳನ್ನು ಆಟಗಾರರು ಇಮ್ಯಾಜಿ-ನೇಷನ್ ಎನ್ನುತ್ತಾರೆ. ಕಲ್ಪನೆ ಎಂಬ ಅರ್ಥದ ಇಂಗ್ಲಿಷ್ ಪದದ ಬಾಲದಲ್ಲೇ ‘ನೇಷನ್’ ಅಡಗಿ ಕೂತಿರುವುದನ್ನು ಯಾರೋ ಕಂಡುಹಿಡಿದಿದ್ದಾರೆ.

ಈ ನಾಡುಗಳಲ್ಲಿ ಬಹುಪಾಲು 18ನೇ ಶತಮಾನದ ಜರ್ಮನ್ ನೆಲದಲ್ಲಿ ಹುಟ್ಟುತ್ತವೆ. ಅದಕ್ಕೆ ಕಾರಣವಿದೆ. ಆಗ ಅಲ್ಲಿ ಡಚಿ, ಕೌಂಟಿ, ಮಠಾಧಿಪತಿಗಳ ಸೀಮೆ, ಸ್ವತಂತ್ರ ಪಟ್ಟಣ ಎಂದು ಮುನ್ನೂರರಷ್ಟು ಸಂಸ್ಥಾನಗಳಿದ್ದವು. ಅವುಗಳ ನಡುವೆ ಇನ್ನೊಂದನ್ನು ತೂರಿಸಿದರೆ ಯಾರ ಗಡಿಯೂ ಕದಲುವುದಿಲ್ಲ.

ಕಲ್ಪನೆಯ ಸೈನ್ಯ ಸುಲಭ, ಯಾವ ಬಣ್ಣ ಬಳಿದರೂ ನಡೆಯುತ್ತದೆ ಎಂದು ಮೊದಲಿಗೆ ಅನ್ನಿಸುತ್ತದೆ. ಕೆಲಸಕ್ಕೆ ಕೂತವರಿಗೆ ಗೊತ್ತು, ಕಷ್ಟ ಇರುವುದು ಅಲ್ಲೇ. ಪ್ರಷ್ಯದ ಪಟಾಲಮ್ಮನ್ನು ಮಾಡುವವನಿಗೆ ತಪ್ಪು ತೋರಿಸಲು ಪುಸ್ತಕವಿದೆ. ಇಲ್ಲದ ನಾಡಿನ ಪಟಾಲಮ್ಮಿಗೆ ಅಂಥ ಆಸರೆ ಇಲ್ಲ. ನಿಯಮವನ್ನು ತಾನೇ ಕಟ್ಟಬೇಕು, ಕಟ್ಟಿದ ಮೇಲೆ ಕೊನೆಯ ಸಿಪಾಯಿಯವರೆಗೂ ಅದಕ್ಕೆ ತಲೆಬಾಗಬೇಕು.

ಹಾಗಾಗಿ ಮೊದಲ ಕೆಲಸ ಕುಂಚದ್ದಲ್ಲ, ನೋಟ್‌ಬುಕ್ಕಿನದು. ಒಂದು ನಕ್ಷೆ, ಒಂದು ಹೊಳೆ, ಅದರ ದಂಡೆಗೊಂದು ರಾಜಧಾನಿ. ಈ ನಾಡು ಬದುಕುವುದು ಯಾವುದರಿಂದ? ಕುರಿ ಸಾಕುವ ಬಡ ಕಣಿವೆಯಾದರೆ ಸಿಪಾಯಿಯ ಕೋಟು ಬಣ್ಣ ಕಟ್ಟದ ಉಣ್ಣೆಯ ಬಿಳಿಯೇ ಆಗಬೇಕು, ಅಗ್ಗವಾದದ್ದು ಅದೇ. ಕೆಂಪು ಬೇಕೆಂದರೆ ಅದರಲ್ಲೂ ಎರಡು ಬಗೆ. ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠದ ಜಾತಿಯ ಬೇರಿನ ಮಂಕುಗೆಂಪು, ಅಧಿಕಾರಿಯ ಕೋಟಿಗೆ ಕೊಚಿನೀಲ್ ಎಂಬ ಹುಳುವಿನಿಂದ ತೆಗೆದ ದುಬಾರಿ ಕಡುಗೆಂಪು. ಇದು ಗೊತ್ತಿದ್ದವರು ತಮ್ಮ ನಾಡಿನ ಅಧಿಕಾರಿಯನ್ನೂ ಸಿಪಾಯಿಯನ್ನೂ ಒಂದೇ ಡಬ್ಬಿಯ ಕೆಂಪಿನಲ್ಲಿ ಅದ್ದುವುದಿಲ್ಲ.

ಆಮೇಲೆ ಫೇಸಿಂಗ್. ಕಾಲರು, ಎದೆಯ ಪಟ್ಟಿ, ತೋಳಿನ ಮಡಿಕೆಗಳ ಬಣ್ಣಕ್ಕೆ ಹಾಗೆನ್ನುತ್ತಾರೆ. ದೇಶಕ್ಕೆಲ್ಲ ಕೋಟು ಒಂದೇ ಬಣ್ಣದ್ದಾದರೂ ಪಟಾಲಮ್ಮಿಗೊಂದು ಫೇಸಿಂಗ್. ಕೆಲವು ಸೈನ್ಯಗಳಲ್ಲಿ ಡ್ರಮ್ ಬಾರಿಸುವವನಿಗೆ ಇದು ತಿರುಗುಮುರುಗು: ಉಳಿದವರ ತೋಳಿನ ಮಡಿಕೆಯ ಬಣ್ಣ ಅವನಿಗೆ ಇಡೀ ಕೋಟಿನ ಬಣ್ಣ. ಹೊಗೆ ಕವಿದ ರಣರಂಗದಲ್ಲಿ ಅಪ್ಪಣೆ ಸಾರುವವನು ಎಲ್ಲಿದ್ದಾನೆಂದು ತಟ್ಟನೆ ತಿಳಿಯಬೇಕಲ್ಲ. ನೀಲಿ ಕೋಟಿನ ಐವತ್ತು ಜನರ ಸಾಲಿನಲ್ಲಿ ಹಳದಿ ಕೋಟಿನವನೊಬ್ಬ ನಿಂತಿದ್ದರೆ, ಮಾಡಿದವರು ಓದಿಕೊಂಡವರು ಎಂದೇ ಅರ್ಥ. ಬಾವುಟಕ್ಕೂ ಕಟ್ಟಳೆಯುಂಟು. ಯುರೋಪಿನ ಲಾಂಛನಶಾಸ್ತ್ರದಲ್ಲಿ ಹಳದಿ ಬಿಳಿಗಳು ಚಿನ್ನ ಬೆಳ್ಳಿಯ ಸ್ಥಾನದಲ್ಲಿರುವ ‘ಲೋಹ’ಗಳು, ಕೆಂಪು, ನೀಲಿ, ಕಪ್ಪು, ಹಸಿರು ‘ಬಣ್ಣ’ಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಕೂರಬಾರದು. ದೂರದಿಂದ ಗುರುತು ಹಿಡಿಯಲೆಂದು ಹುಟ್ಟಿದ ಈ ನಿಯಮ, ಹೆಬ್ಬೆಟ್ಟಿನಗಲದ ಕಾಗದದ ಬಾವುಟಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಇಷ್ಟಾದ ಮೇಲೆ ಒಲೆ ಹತ್ತುತ್ತದೆ. ಸಿದ್ಧ ಸಿಪಾಯಿಗಳು ಅಂಗಡಿಯಲ್ಲಿ ಸಿಗುತ್ತವೆ, ಹೆಚ್ಚಿನವರು ಕೊಳ್ಳುತ್ತಾರೆ. ಆದರೆ ಎರಕವನ್ನು ಮನೆಯಲ್ಲೇ ಹೊಯ್ಯುವವರೂ ಇದ್ದಾರೆ, ನನಗೆ ಅವರ ಕೆಲಸವೇ ಹೆಚ್ಚು ಇಷ್ಟ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೀಸ 327ರಲ್ಲಿ. ತವರ ಮೂರು ಪಾಲಿಗೆ ಸೀಸ ಎರಡು ಪಾಲಿಗಿಂತ ತುಸು ಕಡಿಮೆ ಬೆರೆಸಿದರೆ, ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಯಲ್ಲೇ ಮಿಶ್ರಣ ನೀರಾಗುತ್ತದೆ. ಈ ಗುಣದಿಂದಲೇ ಮನೆಯ ಸಣ್ಣ ಒಲೆಯೂ ಸಾಕಾಗುತ್ತದೆ. ಅಚ್ಚು ಸಿಲಿಕೋನ್ ರಬ್ಬರಿನದು, ಎರಡು ಹೋಳು. ಒಂದರಲ್ಲಿ ಸಿಪಾಯಿಯ ಮುಂಭಾಗ, ಇನ್ನೊಂದರಲ್ಲಿ ಬೆನ್ನು. ಒಳಗೆ ಟಾಲ್ಕಂ ಪುಡಿ ಸವರಿ, ಕೊಡವಿ, ಹಲಗೆಗಳ ನಡುವೆ ಹೋಳುಗಳನ್ನು ಜೋಡಿಸಿ ಬಿಗಿಯುತ್ತಾರೆ. ಲೋಹ ಹದಕ್ಕೆ ಬಂದಿದೆಯೇ ಎಂದು ನೋಡಲು ಬೆಂಕಿಕಡ್ಡಿಯ ಬರಿತುದಿಯನ್ನು ಅದ್ದುತ್ತಾರೆ. ಕಡ್ಡಿ ನಿಧಾನವಾಗಿ ಕಂದಿದರೆ ಸರಿ. ಕಿಟಕಿ ತೆರೆದಿರಬೇಕು. ಹತ್ತಿರದಲ್ಲಿ ಒಂದು ಹನಿ ನೀರೂ ಇರಬಾರದು: ಕರಗಿದ ಲೋಹದೊಳಗೆ ಸಿಕ್ಕ ಹನಿ ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೇ ಸಿಡಿಸುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಯಿಗೆ ಒಯ್ಯುವಂತಿಲ್ಲ.

ಸೌಟಿನಿಂದ ಒಂದೇ ಧಾರೆಯಲ್ಲಿ, ತಡೆಯದೆ ಹೊಯ್ಯಬೇಕು. ಮೊದಲ ನಾಲ್ಕೈದು ಸಿಪಾಯಿಗಳು ಕೆಡುತ್ತಾರೆ. ಅಚ್ಚು ಇನ್ನೂ ತಣ್ಣಗಿರುವುದರಿಂದ ಲೋಹ ಅರ್ಧದಾರಿಯಲ್ಲೇ ಗಟ್ಟಿಯಾಗುತ್ತದೆ. ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬನಿಗೆ ಟೋಪಿಯಿಲ್ಲ. ಎಲ್ಲರೂ ಮತ್ತೆ ಕರಗುವ ಪಾತ್ರೆಗೆ. ಅಚ್ಚು ಕಾದ ಮೇಲೂ ಕೋವಿಯ ತುದಿಯ ಬಾಕು ಮಾತ್ರ ಮೊಂಡಾಗಿಯೇ ಬರುತ್ತಿದ್ದರೆ, ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಬಾಕಿನ ತುದಿಯಿಂದ ಅಚ್ಚಿನ ಅಂಚಿನವರೆಗೆ ಹರಿತವಾದ ಚಾಕುವಿನಿಂದ ಕೂದಲೆಳೆಯಷ್ಟು ಗೀರು ಎಳೆದರೆ ಗಾಳಿ ಹೊರಹೋಗಿ ಲೋಹ ಒಳಬರುತ್ತದೆ. ಆರಿದ ಸಿಪಾಯಿಯ ಕಾಲಬುಡದ ಮುದ್ದೆಯನ್ನು ಇಕ್ಕಳದಿಂದ ಕತ್ತರಿಸಿ, ಎರಡು ಹೋಳು ಕೂಡಿದ ಕಡೆ ಎದ್ದ ತೆಳು ಏಣನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ.

ಇಲ್ಲದ ನಾಡಿಗೆ ಇದ್ದ ಅಚ್ಚು ಹೊಂದಲೇಬೇಕೆಂದಿಲ್ಲ. ಆಗ ತಲೆ ಕತ್ತರಿಸುತ್ತಾರೆ. ಒಬ್ಬನ ಕೊರಳಿಗೆ ಇನ್ನೊಬ್ಬನ ತಲೆ: ಎರಡೂ ಕಡೆ ಪುಟ್ಟ ಕೈಬೈರಿಗೆಯಿಂದ ತೂತು ಕೊರೆದು, ನಡುವೆ ತಂತಿಯ ತುಂಡಿಟ್ಟು ಅಂಟಿಸುತ್ತಾರೆ. ಮೂರು ಮೂಲೆಯ ಟೋಪಿ ಹೋಗಿ ಗ್ರೆನೇಡಿಯರ್ ಪಡೆಯವನ ಎತ್ತರದ ಚೂಪುಟೋಪಿ ಬೇಕಾದರೆ ಎಪಾಕ್ಸಿ ಪುಟ್ಟಿ ಇದೆ. ನೀಲಿ, ಹಳದಿ ಎರಡು ಪಟ್ಟಿಗಳನ್ನು ನಾದಿದರೆ ಹಸಿರಾಗುತ್ತದೆ. ಒಂದು ಗಂಟೆಯ ಮೇಲೂ ಅದು ಹೇಳಿದಂತೆ ಕೇಳುತ್ತದೆ, ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದೆ.

ಬಣ್ಣ ನುಣುಪು ಲೋಹಕ್ಕೆ ಹಿಡಿಯದು. ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಬಳಿದು, ಸಿಪಾಯಿಗಳನ್ನು ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಸಾಲಾಗಿ ಅಂಟಿಸುತ್ತಾರೆ. ಬಳಿಯುವ ಕ್ರಮ ನಾವು ಬಟ್ಟೆ ತೊಡುವ ಕ್ರಮವೇ: ಮೊದಲು ಚರ್ಮ, ಆಮೇಲೆ ಅಂಗಿ, ಅದರ ಮೇಲೆ ಕೋಟು, ಕೊನೆಗೆ ಪಟ್ಟಿ, ಚೀಲ. ಒಳಗಿನದನ್ನು ಬಳಿಯುವಾಗ ಕೈ ತಪ್ಪಿದರೂ ಹೊರಗಿನದು ಮುಚ್ಚುತ್ತದೆ. ಒಬ್ಬ ಸಿಪಾಯಿಯನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗುವುದಿಲ್ಲ. ಐವತ್ತು ಮುಖ, ಆಮೇಲೆ ನೂರು ತೋಳಿನ ಮಡಿಕೆ. ಕೊನೆಯ ಮಡಿಕೆಗೂ ಮೊದಲನೆಯದರ ಹಳದಿಯೇ ಬರಬೇಕು.

ಒಂದು ಮಡಿಕೆಯನ್ನು ಹತ್ತಿರದಿಂದ ನೋಡೋಣ. ಮೂರು ಮಿಲಿಮೀಟರ್ ಅಗಲ. ನೆರಳು ತಾನಾಗಿ ಬೀಳಲಾರದಷ್ಟು ಚಿಕ್ಕದು, ಆದ್ದರಿಂದ ನೆರಳನ್ನೂ ಬರೆಯಬೇಕು. ಮೊದಲು ಕಂದು ಬೆರೆತ ಮಂಕು ಹಳದಿ ಪೂರ್ತಿ. ಅದರ ಮೇಲೆ, ಅಂಚನ್ನು ಬಿಟ್ಟು, ಅಚ್ಚ ಹಳದಿ. ಬೆಳಕು ಬೀಳುವ ಮೇಲಂಚಿಗೆ ಬಿಳಿ ಬೆರೆತ ಹಳದಿಯ ಒಂದೇ ಗೆರೆ. ಮಡಿಕೆಗೂ ಕೋಟಿಗೂ ನಡುವೆ ಕಪ್ಪಿನ ಎಳೆಯೊಂದು ಉಳಿಯಬೇಕು, ಇಲ್ಲದಿದ್ದರೆ ಮೂರಡಿ ದೂರದಿಂದ ಎರಡೂ ಕಲಸಿಹೋಗುತ್ತವೆ. ಗೆರೆ ಎಳೆಯುವವರು ಮೊಣಕೈಯನ್ನು ಮೇಜಿಗೂರಿ, ಎರಡು ಮಣಿಕಟ್ಟುಗಳನ್ನೂ ಒಂದಕ್ಕೊಂದು ಒತ್ತಿಹಿಡಿದು, ಉಸಿರು ಬಿಟ್ಟ ಮೇಲಿನ ನಿಶ್ಚಲ ಕ್ಷಣಕ್ಕೆ ಕಾಯುತ್ತಾರೆ. ಗುಂಡಿಗಳಿಗೆ ಕುಂಚ ಬೇಡ, ಹಲ್ಲುಕಡ್ಡಿಯ ಮೊನೆಯೇ ಸಾಕು. ಕಣ್ಣುಗಳನ್ನು ಹಲವರು ಬರೆಯುವುದೇ ಇಲ್ಲ. ಕಣ್ಣಿನ ಗುಳಿಯಲ್ಲಿ ತೆಳು ಕಂದು ನಿಂತರೆ ಸಿಪಾಯಿ ನೋಡುತ್ತಿದ್ದಾನೆ ಅನ್ನಿಸುತ್ತದೆ. ಬರೆದ ಕಣ್ಣು ಬೆಚ್ಚಿಬಿದ್ದಂತೆ ಕಾಣುತ್ತದೆ.

ಬಾವುಟವನ್ನು ತೆಳು ಕಾಗದದ ಮೇಲೆ ಬರೆದು, ಅಂಟು ಸವರಿ, ತಂತಿಯ ಕಂಬಕ್ಕೆ ಸುತ್ತಿ, ಹಸಿ ಇರುವಾಗಲೇ ಬೆರಳಿನಲ್ಲಿ ಅಲೆಅಲೆಯಾಗಿ ಮಡಿಸುತ್ತಾರೆ. ಒಣಗಿದಾಗ ಕೋಣೆಯಲ್ಲಿ ಇಲ್ಲದ ಗಾಳಿ ಅದರಲ್ಲಿ ಬೀಸುತ್ತಿರುತ್ತದೆ. ಪಾದದಡಿಯ ಹಲಗೆಗೆ ಮರಳು ಉದುರಿಸಿ ಹಸಿರು ಹಚ್ಚಿದರೆ ಪಟಾಲಮ್ಮು ಸಿದ್ಧ. ಐವತ್ತು ಜನರಿಗೆ ತಿಂಗಳುಗಟ್ಟಲೆ ಸಂಜೆಗಳು ಹೋಗಿರುತ್ತವೆ. ಹಲಗೆಯ ಅಡಿಯಲ್ಲಿ, ಆಡುವಾಗ ಯಾರಿಗೂ ಕಾಣದ ಕಡೆ, ಪಟಾಲಮ್ಮಿನ ಹೆಸರು, ನಾಯಕನ ಹೆಸರು. ನೋಟ್‌ಬುಕ್ಕಿನಲ್ಲಿ ಅವರವರ ಚರಿತ್ರೆ: ಯಾವ ಸೇತುವೆ ಕಾದರು, ಎಲ್ಲಿ ಬಾವುಟ ಕಳೆದುಕೊಂಡರು.

ಆಟಿಕೆ ಸಿಪಾಯಿಗೆ ಚರಿತ್ರೆ ಬರೆಯುವ ಚಾಳಿ ಹಳೆಯದು. 1826ರ ಜೂನ್‌ನಲ್ಲಿ ಯಾರ್ಕ್‌ಷರ್‌ನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ, ಲೀಡ್ಸ್‌ನಿಂದ ಮಗ ಬ್ರಾನ್‌ವೆಲ್‌ಗೆ ಹನ್ನೆರಡು ಮರದ ಸಿಪಾಯಿಗಳನ್ನು ತಂದುಕೊಟ್ಟರು. ಅಕ್ಕತಂಗಿಯರೂ ಒಬ್ಬೊಬ್ಬನನ್ನು ತಮ್ಮವನೆಂದು ಆರಿಸಿಕೊಂಡರು. ಷಾರ್ಲೆಟ್ ತನ್ನವನಿಗೆ ವೆಲಿಂಗ್ಟನ್ ಎಂದು ಹೆಸರಿಟ್ಟಳು, ಬ್ರಾನ್‌ವೆಲ್ ತನ್ನವನಿಗೆ ಬೋನಪಾರ್ಟ್ ಎಂದ. ಅವರಿಗಾಗಿ ಗ್ಲಾಸ್ ಟೌನ್ ಎಂಬ ನಾಡು ಕಟ್ಟಿದರು, ಆ ನಾಡಿಗೊಂದು ಪತ್ರಿಕೆ ಹೊರಡಿಸಿದರು. 1830ರ ಒಂದು ಸಂಚಿಕೆ 35 ಮಿಲಿಮೀಟರ್ ಅಗಲ, 61 ಮಿಲಿಮೀಟರ್ ಉದ್ದ. ಹದಿನಾಲ್ಕು ವರ್ಷದ ಷಾರ್ಲೆಟ್ ಅದರ ಪುಟಗಳನ್ನು ಅಚ್ಚಿನ ಮೊಳೆಗಳಂತೆ ಕಾಣುವ ಸಣ್ಣ ಅಕ್ಷರಗಳಲ್ಲಿ ಕೈಯಾರೆ ತುಂಬಿಸಿದ್ದಾಳೆ. ಓದಲು ಭೂತಗನ್ನಡಿ ಬೇಕು. ಓದುಗರು ಮರದ ಸಿಪಾಯಿಗಳಾದ್ದರಿಂದ ಅವರ ಅಳತೆಗೇ ಬರೆದದ್ದು.