ಚಾರಣದ ದಾರಿಯಲ್ಲಿ ಅಗಲ ಅಂಚಿನ ಟೋಪಿ

ಅಗಲ ಅಂಚಿನ ಬಿಸಿಲುಟೋಪಿಯ ಮುಖ್ಯ ಕೆಲಸ ನೆತ್ತಿ ಕಾಯುವುದಲ್ಲ. ಅದಕ್ಕೆ ಯಾವ ಟೋಪಿಯಾದರೂ ಆದೀತು, ದಟ್ಟ ಕೂದಲಿದ್ದವರಿಗೆ ಅದೂ ಬೇಕಿಲ್ಲ. ಅಂಚಿನ ಪರೀಕ್ಷೆ ನಡೆಯುವುದು ಮೂಗು, ಕೆನ್ನೆ, ಕಿವಿ, ಕುತ್ತಿಗೆಗಳ ಮೇಲೆ. ಬಯಲಲ್ಲಿ ಗಂಟೆಗಟ್ಟಲೆ ನಡೆಯುವವರಿಗೆ ಮೊದಲು ಸುಡುವ ಜಾಗಗಳು ಇವೇ. ಮುಂದಕ್ಕೆ ಮಾತ್ರ ಚಾಚಿದ ಕ್ಯಾಪ್ ಹಣೆ ಮೂಗುಗಳನ್ನು ಕಾಯ್ದು, ಕಿವಿ ಕುತ್ತಿಗೆಗಳನ್ನು ಬಿಸಿಲಿಗೆ ಒಪ್ಪಿಸಿಬಿಡುತ್ತದೆ. ಕರಾವಳಿಯ ಅಡಿಕೆ ಹಾಳೆಯ ಟೋಪಿ ತಲೆಗೆ ತಂಪು, ಹೊರೆ ಹೊರುವುದಕ್ಕೂ ಅನುಕೂಲ. ಆದರೆ ಅಂಚಿಲ್ಲದ ಕಾರಣ ಅದೂ ಮುಖದ ಮಟ್ಟಿಗೆ ಉಪಯೋಗಕ್ಕಿಲ್ಲ.

ಅಂಚಿನ ನೆರಳು ಮುಖದ ಮೇಲೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದು ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಅವಲಂಬಿಸಿದೆ. ಸೂರ್ಯನಿಗೆ ಎದುರಾಗಿ ನಿಂತಾಗ, ಅವನು ದಿಗಂತದಿಂದ 45 ಡಿಗ್ರಿ ಮೇಲಿದ್ದರೆ, ಅಂಚು ಎಷ್ಟು ಅಗಲವೋ ನೆರಳು ಅಷ್ಟೇ ಉದ್ದ. 7.5 ಸೆಂ.ಮೀ. ಅಂಚಿನ ಟೋಪಿ ಹಣೆಯಿಂದ ಕೆಳಕ್ಕೆ 7.5 ಸೆಂ.ಮೀ. ನೆರಳು ಕೊಡುತ್ತದೆ, ಅಂದರೆ ಹೆಚ್ಚುಕಡಿಮೆ ಮೂಗಿನ ತನಕ. ಸೂರ್ಯ 60 ಡಿಗ್ರಿಗೆ ಏರಿದರೆ ಅದೇ ನೆರಳು 13 ಸೆಂ.ಮೀ. ಆಗಿ ಗಲ್ಲದ ಹತ್ತಿರ ಬರುತ್ತದೆ. 30 ಡಿಗ್ರಿಗೆ ಇಳಿದರೆ ನಾಲ್ಕು ಸೆಂಟಿಮೀಟರ್ ಚಿಲ್ಲರೆಗೆ ಕುಗ್ಗುತ್ತದೆ; ಕಣ್ಣಿಗೆ ನೆರಳು, ಕೆನ್ನೆಗೆ ಬಿಸಿಲು.

ಕರ್ನಾಟಕದ ಚಾರಣಿಗರಿಗೆ ಈ ಲೆಕ್ಕ ಅನುಕೂಲಕರವಾಗಿಯೇ ಇದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅತ್ಯಂತ ತಗ್ಗಿರುವ ಡಿಸೆಂಬರ್ ಕೊನೆಯಲ್ಲೂ ನಡುಹಗಲಿಗೆ 53 ಡಿಗ್ರಿ ದಾಟುತ್ತಾನೆ. ಆಗಲೂ ಅದೇ ಅಂಚು 10 ಸೆಂ.ಮೀ. ನೆರಳು ಕೊಡುತ್ತದೆ. ಬೆಳಿಗ್ಗೆ, ಸಂಜೆ ಅಂಚು ಸೋಲುವುದು ನಿಜ. ಆದರೆ ಆ ಹೊತ್ತಿನಲ್ಲಿ ಓರೆಯಾಗಿ ಬರುವ ಕಿರಣಗಳು ವಾತಾವರಣದ ಓಝೋನ್ ಪದರವನ್ನು ಹೆಚ್ಚು ದೂರ ಹಾದು ಬರಬೇಕು. ಚರ್ಮ ಸುಡುವ ಯುವಿ-ಬಿ ಎಂಬ ಅತಿನೇರಳೆ ಕಿರಣಗಳು ದಾರಿಯಲ್ಲೇ ಬಹುಪಾಲು ಹೀರಿಹೋಗಿರುತ್ತವೆ. ಹೀಗಾಗಿ ಟೋಪಿ ಕೈಕೊಡುವ ಹೊತ್ತಿಗೆ ಸೂರ್ಯನೂ ಸಪ್ಪೆಯಾಗಿರುತ್ತಾನೆ.

ಇಷ್ಟೇ ಆಗಿದ್ದರೆ ನೆರಳಿನ ಗೆರೆ ಎಳೆದು ಮುಗಿಸಬಹುದಿತ್ತು. ತೊಡಕಿರುವುದು ನೇರ ಬಿಸಿಲಲ್ಲಲ್ಲ, ಆಕಾಶದಲ್ಲಿ. ಗಾಳಿಯ ಅಣುಗಳು ಬೆಳಕನ್ನು ಚದುರಿಸುತ್ತವೆ, ಅಲೆಯುದ್ದ ಚಿಕ್ಕದಾದಷ್ಟೂ ಹೆಚ್ಚು ಚದುರಿಸುತ್ತವೆ. ಆಕಾಶ ನೀಲಿಯಾಗಿರುವುದಕ್ಕೆ ಇದೇ ಕಾರಣ. ಅತಿನೇರಳೆ ಕಿರಣಗಳ ಅಲೆಯುದ್ದ ನೀಲಿಗಿಂತಲೂ ಚಿಕ್ಕದು. ಆದ್ದರಿಂದ ನೆಲಕ್ಕೆ ಬರುವ ಯುವಿ-ಬಿಯಲ್ಲಿ ಸರಿಸುಮಾರು ಅರ್ಧ ಪಾಲು ಸೂರ್ಯನ ದಿಕ್ಕಿನಿಂದಲ್ಲ, ಇಡೀ ಆಕಾಶದಿಂದ ಸುರಿಯುತ್ತದೆ. ಅಂಚಿನ ಕೆಳಗಿನಿಂದ ಮುಖಕ್ಕೆ ಕಾಣುವ ಆಕಾಶದ ತುಂಡೆಲ್ಲ ಒಂದೊಂದು ಮಂದ ದೀಪವೇ. ಬ್ರಿಟನ್ನಿನ ಸಂಶೋಧಕರಾದ ಡಿಫಿ ಮತ್ತು ಚೀಸ್‌ಮನ್ 1992ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ಸ್ಪಷ್ಟಗೊಳಿಸಿದವು. 7.5 ಸೆಂ.ಮೀ.ಗಿಂತ ಅಗಲದ ಅಂಚು ಮೂಗಿಗೆ ಬೀಳುವ ಅತಿನೇರಳೆಯನ್ನು ಸುಮಾರು ಏಳರಲ್ಲೊಂದು ಪಾಲಿಗೆ, ಕುತ್ತಿಗೆಯಲ್ಲಿ ಐದರಲ್ಲೊಂದಕ್ಕೆ, ಕೆನ್ನೆಯಲ್ಲಿ ಮೂರರಲ್ಲೊಂದಕ್ಕೆ ಇಳಿಸಿತು. ಗಲ್ಲಕ್ಕೆ ಸಿಕ್ಕಿದ್ದು ಅರ್ಧದಷ್ಟು ರಕ್ಷಣೆ ಮಾತ್ರ. ಕಿರಿದಾದ ಅಂಚುಗಳು ಮೂಗಿಗಷ್ಟೇ ಒಂದಿಷ್ಟು ನೆರವಾದವು. ಆಸ್ಟ್ರೇಲಿಯದ ಕ್ಯಾನ್ಸರ್ ಕೌನ್ಸಿಲ್ ದೊಡ್ಡವರ ಟೋಪಿಗೆ ಹೇಳುವ ಕನಿಷ್ಠ ಅಂಚೂ 7.5 ಸೆಂ.ಮೀ.

ಎತ್ತರ ಹೆಚ್ಚಿದಂತೆ ಅತಿನೇರಳೆಯೂ ಹೆಚ್ಚುತ್ತದೆ: ಪ್ರತಿ 1000 ಮೀಟರಿಗೆ ಸುಮಾರು ಶೇ 10. ಆಕಾಶ ತಿಳಿಯಾಗಿದ್ದರೆ 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮಂಗಳೂರಿನ ಕಡಲತಡಿಗಿಂತ ಹೆಚ್ಚುಕಡಿಮೆ ಐದನೇ ಒಂದು ಪಾಲು ಹೆಚ್ಚು. ತಣ್ಣನೆ ಗಾಳಿಯಿಂದಾಗಿ ಅದು ಅರಿವಿಗೆ ಬರುವುದೇ ಇಲ್ಲ. ಹುಲ್ಲು, ಮಣ್ಣು ಅತಿನೇರಳೆಯನ್ನು ಶೇ 10ಕ್ಕಿಂತ ಕಡಿಮೆ ಪ್ರತಿಫಲಿಸುತ್ತವೆ. ಹೊಸ ಹಿಮ ಶೇ 80ರವರೆಗೆ. ಹಿಮಾಲಯದ ಹಿಮದ ಹಾದಿಯಲ್ಲಿ ಬೆಳಕು ಕೆಳಗಿನಿಂದಲೇ ಮುಖಕ್ಕೆ ರಾಚುವುದರಿಂದ ಅಲ್ಲಿ ಟೋಪಿ ಅರ್ಧ ನಿರುದ್ಯೋಗಿ. ಅಂಚಿನ ಒಳಮೈ ಕಪ್ಪಾಗಿರಬೇಕು ಎನ್ನುವುದಕ್ಕೂ ಕಾರಣ ಇದೇ: ಬಿಳಿ ಒಳಮೈ ಕೆಳಗಿನ ಬೆಳಕನ್ನು ಮತ್ತೆ ಮುಖಕ್ಕೆ ತಿರುಗಿಸುತ್ತದೆ.

ಇನ್ನು ಬಟ್ಟೆ. ಮಾರಾಟದ ಚೀಟಿಯ ಮೇಲೆ ಕಾಣುವ ಯುಪಿಎಫ್ ಎಂಬ ಅಳತೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ 1996ರಲ್ಲಿ ಮಾನದಂಡ ರೂಪಿಸಿದವು. ಯುಪಿಎಫ್ 50 ಎಂದರೆ ಅತಿನೇರಳೆಯ ಐವತ್ತರಲ್ಲೊಂದು ಪಾಲು ಮಾತ್ರ ಬಟ್ಟೆಯನ್ನು ದಾಟುತ್ತದೆ ಎಂದರ್ಥ. ಆ ಅಂಕಿ ಬಟ್ಟೆಯದು, ಟೋಪಿಯದಲ್ಲ. ಆಕಾಶದ ಬೆಳಕು ಅಂಚಿನ ಕೆಳಗಿನಿಂದ ನುಸುಳುವಾಗ ಬಟ್ಟೆ 50 ಆದರೇನು, 100 ಆದರೇನು? ಒತ್ತಾದ ನೇಯ್ಗೆಯ ಪಾಲಿಯೆಸ್ಟರ್ ಯುವಿ-ಬಿಯನ್ನು ಚೆನ್ನಾಗಿ ಹೀರುತ್ತದೆ. ಬಿಳುಪಾಗಿಸಿದ ತೆಳು ಹತ್ತಿ ಅಷ್ಟಾಗಿ ತಡೆಯದು, ಒದ್ದೆಯಾದರೆ ಇನ್ನೂ ಕಡಿಮೆ. ಹುಲ್ಲಿನ ಟೋಪಿಯ ನೆರಳಲ್ಲಿ ಬೆಳಕಿನ ಚುಕ್ಕಿಗಳು ಕಂಡರೆ ಅಷ್ಟಷ್ಟು ಬಿಸಿಲು ಒಳಗೆ ಬಂದಂತೆಯೇ.

ಶಾಖದ ಲೆಕ್ಕ ಬೇರೆಯೇ. ಹೊರಸುತ್ತಿನ ವ್ಯಾಸ 33 ಸೆಂ.ಮೀ. ಇರುವ ಟೋಪಿಯ ಮೇಲೆ ನಡುಹಗಲಿನ ಬಿಸಿಲು ಸುಮಾರು 85 ವ್ಯಾಟ್ ಸುರಿಯುತ್ತದೆ. ಅದನ್ನು ತಲೆ, ಕುತ್ತಿಗೆ, ಹೆಗಲಿಗೆ ಮುಟ್ಟದಂತೆ ತಡೆಯುವುದು ಲಾಭ. ತಲೆಯ ಬೆವರು ಆರದಂತೆ ಮುಚ್ಚಿಡುವುದು ನಷ್ಟ. ಟೋಪಿ ತಲೆಗೆ ಅಂಟದೆ ನಡುವೆ ಗಾಳಿಗೆ ಜಾಗವಿದ್ದರೆ, ಪಕ್ಕದಲ್ಲಿ ಜಾಳಿಗೆಯ ಕಿಂಡಿಗಳಿದ್ದರೆ ನಷ್ಟ ತಗ್ಗುತ್ತದೆ. ಟೋಪಿಯನ್ನು ನೀರಲ್ಲಿ ಅದ್ದಿ ಹಾಕಿಕೊಳ್ಳುವ ಉಪಾಯವೂ ಇದೆ. 100 ಮಿಲಿಲೀಟರ್ ನೀರು ಒಂದು ಗಂಟೆಯಲ್ಲಿ ಆರಿದರೆ ಸುಮಾರು 67 ವ್ಯಾಟ್ ಲೆಕ್ಕದಲ್ಲಿ ಶಾಖ ಹೀರುತ್ತದೆ. ಬಾದಾಮಿಯ ಬಂಡೆಗಳ ನಡುವಿನ ಒಣಹವೆಯಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಘಟ್ಟದ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ಕತ್ತಿನೊಳಗೆ ಇಳಿಯುತ್ತದೆ.

ಬಿಸಿಲಿಗೆ ಬೇಕಾದ ಅಗಲವೇ ಗಾಳಿಗೆ ಬೇಡವಾದ ಅಗಲ. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ಶೇಷಪರ್ವತದತ್ತ ಏರುವ ಬಯಲು ಹುಲ್ಲುಗಾವಲಿನಲ್ಲಿ ನೆರಳೂ ಇಲ್ಲ, ಗಾಳಿಗೆ ತಡೆಯೂ ಇಲ್ಲ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 60 ನ್ಯೂಟನ್. ಅದರಲ್ಲಿ ಅರ್ಧ ಅಂಚನ್ನು ಮೇಲೆತ್ತಿದರೂ ಸಾಕು, ಸುಮಾರು 180 ಗ್ರಾಂ ತೂಕಕ್ಕೆ ಸಮನಾದ ಬಲ. ಟೋಪಿಯ ತೂಕವೋ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು. ವೇಗ ಇಮ್ಮಡಿಸಿದರೆ ಬಲ ನಾಲ್ಕು ಪಟ್ಟು. ಗಲ್ಲದ ದಾರವಿಲ್ಲದ ಟೋಪಿ ಕಣಿವೆಯ ಪಾಲೇ. ಹಾಯಿದೋಣಿಯಲ್ಲಿ ಹಾಕಿಕೊಳ್ಳಲೆಂದು ಕೆನಡಾದ ಅಲೆಕ್ಸ್ ಟಿಲ್ಲಿ 1980ರಲ್ಲಿ ರೂಪಿಸಿದ ಟೋಪಿಗೆ ಎರಡು ದಾರ: ಒಂದು ಗಲ್ಲದ ಕೆಳಗೆ, ಇನ್ನೊಂದು ತಲೆಯ ಹಿಂದೆ. ಮುಂದಿನಿಂದ ಗಾಳಿ ನುಗ್ಗಿದಾಗ ಟೋಪಿ ಹಿಂದಕ್ಕೆ ಮಗುಚದಂತೆ ಇವೆರಡೂ ಸೇರಿ ಹಿಡಿಯುತ್ತವೆ. ದಾರ ಕೊಂಬೆಗೆ ಸಿಕ್ಕರೆ ತಾನಾಗಿ ಕಳಚುವ ಕ್ಲಿಪ್ ಇರುವುದು ಲೇಸು, ಮಕ್ಕಳ ಟೋಪಿಯಲ್ಲಂತೂ ಇರಲೇಬೇಕು.

ಅಂಗಡಿಯ ಕನ್ನಡಿ ತೋರಿಸದ ದೋಷವೊಂದಿದೆ: ಬೆನ್ನುಚೀಲ. ಎತ್ತರದ ಚೀಲ ಹೊತ್ತವರು ತಲೆಯೆತ್ತಿ ಏರು ನೋಡಿದ ಕೂಡಲೇ ಹಿಂದಿನ ಅಂಚು ಚೀಲಕ್ಕೆ ತಾಗಿ ಟೋಪಿ ಕಣ್ಣಿನ ಮೇಲೆ ಜಾರುತ್ತದೆ. ಸುತ್ತಲೂ ಸಮ ಅಗಲದ ಗಟ್ಟಿ ಅಂಚು ನೋಡಲು ಚೆಂದ, ಚಾರಣಕ್ಕೆ ಕಿರಿಕಿರಿ. ಮುಂದೆ, ಪಕ್ಕಕ್ಕೆ ಗಟ್ಟಿಯಾಗಿ ಚಾಚಿ, ಹಿಂದೆ ಅಂಚಿನ ಬದಲು ಕುತ್ತಿಗೆಗೆ ಇಳಿಬಿದ್ದ ಮೆತ್ತನೆ ಬಟ್ಟೆಯಿರುವ ವಿನ್ಯಾಸವೇ ಇಲ್ಲಿ ಗೆಲ್ಲುತ್ತದೆ. ಮುಂದಿನ ಅಂಚು ಮಾತ್ರ ಮೆತ್ತಗಿರಬಾರದು. ಬೆವರು ಕುಡಿದ ಮೇಲೆ ಅದು ನೆನೆದ ಹಪ್ಪಳದಂತೆ ಜೋತು ದಾರಿಯನ್ನೇ ಮರೆಮಾಡುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಲ್ಲಿ ಬಳಕೆಗೆ ಬಂದ ಬೂನಿ ಟೋಪಿಯ ಅಂಚು ಕಿರಿದು, ಮೆತ್ತನೆಯದು. ಕಾಡಿನೊಳಗೆ ಅದು ಸರಿ, ಬಯಲಿಗೆ ಸಾಲದು.

ದಟ್ಟ ಶೋಲಾ ಕಾಡಿನ ನೆರಳಿನಲ್ಲಿ ಅಗಲ ಅಂಚು ತೊಂದರೆಯೇ ಹೆಚ್ಚು. ತಲೆಮಟ್ಟದ ಕೊಂಬೆ ಕಾಣುವುದಿಲ್ಲ, ಗಾಳಿ ಅಂಚಿಗೆ ಬಡಿಯುವ ಸದ್ದಿನಲ್ಲಿ ಸುತ್ತಲಿನ ಸದ್ದು ಕೇಳುವುದಿಲ್ಲ. ಅಲ್ಲಿ ದಾರದ ಮೇಲೆ ಟೋಪಿಯನ್ನು ಬೆನ್ನಿಗೆ ಇಳಿಬಿಟ್ಟುಕೊಳ್ಳುವುದು ವಾಡಿಕೆ. ತುಂತುರು ಮಳೆಯಲ್ಲಿ ಅದೇ ಅಂಚು ಹನಿಗಳನ್ನು ಕನ್ನಡಕದಿಂದ ದೂರವಿಡುತ್ತದೆ. ಮಳೆಕೋಟಿನ ಮುಸುಕನ್ನು ಟೋಪಿಯ ಮೇಲೆ ಎಳೆದುಕೊಂಡರೆ ಮುಸುಕು ಮುಖಕ್ಕೆ ಅಂಟುವುದೂ ಇಲ್ಲ. ಎಲ್ಲ ಕಾಲದಲ್ಲೂ ಗಲ್ಲ, ಕೆನ್ನೆಯ ಕೆಳಭಾಗ, ಕಿವಿಯ ತುದಿಗಳಿಗೆ ಸನ್‌ಸ್ಕ್ರೀನ್ ಹಚ್ಚಬೇಕಾಗುತ್ತದೆ, ಏಕೆಂದರೆ ಎಂಟು ಸೆಂಟಿಮೀಟರಿಗಿಂತ ಅಗಲವಾದ ಅಂಚನ್ನು ಚೀಲವೂ ಗಾಳಿಯೂ ಹೆಚ್ಚು ದೂರ ಸಹಿಸುವುದಿಲ್ಲ.