ಪಾದಕ್ಕೊಂದು ಕೊಂಡಿ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಸೈಕಲ್ಲಿನ ಮಾತು ಹೊಸದೇನಲ್ಲ. ಒಂದು ಕಾಲಕ್ಕೆ ಈ ಊರಿಗೆ ಸೈಕಲ್ಲುಗಳ ಊರೆಂದೇ ಹೆಸರಿತ್ತು. ಆ ಕಾಲದ ಗಾಡಿಗಳನ್ನು ನೋಡಬೇಕೆನ್ನುವವರು ಕರ್ವೆನಗರದಲ್ಲಿರುವ ವಿಕ್ರಮ ಪೆಂಡ್ಸೆಯವರ ಸೈಕಲ್ ಸಂಗ್ರಹಾಲಯಕ್ಕೆ ಹೋಗಬಹುದು. ಇನ್ನು ನಮ್ಮ ಕಡೆಯ ವಿಜಯಪುರ, ಬಾಗಲಕೋಟೆಗಳ ಹುಡುಗ ಹುಡುಗಿಯರು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದು ತಂದವರು. ಇಂಥ ನೆಲದಿಂದ ಇಂಥ ಊರಿಗೆ ಬಂದ ನಾವು ಸೈಕಲ್ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಬಿದ್ದದ್ದರಲ್ಲಿಯೂ ಇಲ್ಲ.

ನಮ್ಮ ಮನೆ ಧಾಯರಿಯಲ್ಲಿ, ಸಿಂಹಗಡದ ದಾರಿಯ ಬದಿಗೆ. ಗುಮಾಸ್ತಿಕೆ ಕ್ಯಾಂಪಿನಲ್ಲಿ. ಹೊಟ್ಟೆ ಮುಂದೆ ಬರತೊಡಗಿದಾಗ ಕಂತಿನ ಮೇಲೆ ಒಂದು ಬೆಟ್ಟದ ಸೈಕಲ್, ಅಂದರೆ ದಪ್ಪ ಟಾಯರಿನ ಮೌಂಟನ್ ಬೈಕ್, ಕೊಂಡೆವು. ಜುಲೈ ತಿಂಗಳ ಒಂದು ರವಿವಾರ ಖಡಕವಾಸಲಾ ದಾಟಿ ಕಚ್ಚಾ ರಸ್ತೆಯಲ್ಲಿ ಇಳಿಯುತ್ತಿದ್ದಾಗ, ಮಳೆಗೆ ನೆನೆದ ಚಪ್ಪಟೆ ಪೆಡಲಿನಿಂದ ಕಾಲು ಜಾರಿತು. ತಿರುಗಿ ಬಂದ ಪೆಡಲು ಮೊಳಕಾಲಿನ ಕೆಳಗೆ ಬಡಿಯಿತು. ಆರು ಹೊಲಿಗೆ ಬಿದ್ದವು.

ಕಚೇರಿಯ ಗೆಳೆಯರೊಬ್ಬರು, "ಕ್ಲಿಪ್‌ಲೆಸ್ ಪೆಡಲು ಹಾಕಿಸಿರಿ. ಬೂಟು ಪೆಡಲಿಗೇ ಕಚ್ಚಿಕೊಂಡಿರುತ್ತದೆ, ಕಾಲು ಜಾರುವುದಿಲ್ಲ" ಎಂದರು. ಮನೆಯಲ್ಲಿ ಈ ಮಾತು ತೆಗೆದೆವು. ನಮ್ಮ ಶ್ರೀಮತಿ ಧಾರವಾಡದವರು.

"ಕಾಲು ಕಟ್ಟಿಕೊಂಡು ಸೈಕಲ್ ಹೊಡೀತೀರೇನ್ರೀ? ಬಿದ್ದರ ಬಿಚ್ಚಾವ್ರು ಯಾರು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ದೀಪಾವಳಿಗೆ ಊರಿಗೆ ಹೋಗೋ ರೊಕ್ಕಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದೂ ಸೇರಿಸಿದರು.

ಎರಡೂ ನ್ಯಾಯವಾದ ಮಾತುಗಳೇ. ಈ ಎರಡು ಕರಾರುಗಳೊಳಗೆ ಪೆಡಲನ್ನು ಆರಿಸಿದ ಬಗೆಯನ್ನೇ ಇಲ್ಲಿ ಹೇಳುತ್ತೇವೆ.

ಮೊದಲು ಹೆಸರಿನ ಗೊಂದಲ. ಕೊಂಡಿ ಇರುವ ಪೆಡಲಿಗೆ 'ಕ್ಲಿಪ್ ಇಲ್ಲದ್ದು' ಎಂದೇಕೆ ಹೆಸರು? ಹಿಂದೆ ಪಂದ್ಯದ ಸವಾರರು ಕಾಲ್ಬೆರಳುಗಳ ಮೇಲೆ ಕಬ್ಬಿಣದ ಪಂಜರದಂಥ ಕ್ಲಿಪ್ಪು ಹಾಕಿ, ಚರ್ಮದ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದ ಮೇಲೆ ಜಾರುವ ಸ್ಕೀ ಬೂಟಿನ ಕೊಂಡಿಯ ಯುಕ್ತಿಯನ್ನು ಪೆಡಲಿಗೆ ತಂದಿತು. ಮರುವರ್ಷ, 1985ರಲ್ಲಿ, ಬರ್ನಾರ್ ಇನೋ ಇದೇ ಪೆಡಲು ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಪಂಜರ ಹೋಯಿತು, ಆದರೆ ಹೆಸರಿನಲ್ಲಿ ಅದರ ನೆನಪು ಉಳಿಯಿತು. 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟದ ಸೈಕಲ್ಲಿಗೆಂದು ಎಸ್‌ಪಿಡಿ ಎಂಬ ಬಗೆಯನ್ನು ಹೊರತಂದಿತು.

ಇದರ ಕೆಲಸ ಸರಳ. ಬೂಟಿನ ಅಡಿಯಲ್ಲಿ ಒಂದು ಚಿಕ್ಕ ಲೋಹದ ತುಂಡು. ಅದಕ್ಕೆ ಕ್ಲೀಟ್ ಎನ್ನುತ್ತಾರೆ. ಪೆಡಲಿನಲ್ಲಿ ಸ್ಪ್ರಿಂಗಿನ ಬಾಯಿ. ತುಳಿದರೆ ಕಚ್ಚುತ್ತದೆ, ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬಿಡುತ್ತದೆ. ಕಾಲನ್ನು ಮೇಲಕ್ಕೆಳೆದು ತುಳಿದರೆ ಶಕ್ತಿ ಇಮ್ಮಡಿಯಾಗುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ. ನಿಜವಾದ ಲಾಭವೆಂದರೆ, ಕಲ್ಲುದಾರಿಯಲ್ಲಿ ಕುಲುಕಿದರೂ ಪಾದ ತನ್ನ ಸ್ಥಳದಲ್ಲಿಯೇ ಇರುತ್ತದೆ. ಆರು ಹೊಲಿಗೆ ಹಾಕಿಸಿಕೊಂಡ ನಮಗೆ ಅಷ್ಟೇ ಸಾಕಾಗಿತ್ತು.

ಅಂಗಡಿಗೆ ಹೋದರೆ ಎರಡು ಕುಲಗಳು ಕಾಣುತ್ತವೆ. ಮೂರು ಸ್ಕ್ರೂಗಳ ದೊಡ್ಡ ಕ್ಲೀಟ್ ಡಾಂಬರು ರಸ್ತೆಯ ಪಂದ್ಯದವರಿಗೆ. ಅದು ಅಟ್ಟೆಯಿಂದ ಹೊರಗೆ ಚಾಚಿರುತ್ತದೆಯಾದ್ದರಿಂದ ಅದನ್ನು ತೊಟ್ಟು ನಡೆಯುವುದು ಬಾತುಕೋಳಿಯ ನಡಿಗೆ. ಎರಡು ಸ್ಕ್ರೂಗಳ ಚಿಕ್ಕದು ಅಟ್ಟೆಯ ಒಳಗೆ ಹುದುಗಿರುತ್ತದೆ. ಬೆಟ್ಟದಲ್ಲಿ ಇಳಿದು ಸೈಕಲ್ ತಳ್ಳಬೇಕಾಗುವವರಿಗೆ ಇದೇ ಸರಿ. ಆ ಅಂಗಡಿಯವನು ನಮಗೆ ಮೊದಲು ತೋರಿಸಿದ್ದು ಮೂರು ಸ್ಕ್ರೂಗಳದ್ದನ್ನೇ, ಅದೂ ಮೂರು ಪಟ್ಟು ಬೆಲೆಯದ್ದನ್ನು! ನಮಸ್ಕಾರ ಹೇಳಿ ಹೊರಬಿದ್ದೆವು.

ಎರಡು ಸ್ಕ್ರೂಗಳ ಕುಲದಲ್ಲಿಯೂ ಪಂಗಡಗಳುಂಟು. ಕ್ರ್ಯಾಂಕ್ ಬ್ರದರ್ಸ್ ಕಂಪನಿಯ 'ಎಗ್‌ಬೀಟರ್' ನಾಲ್ಕೂ ಕಡೆಯಿಂದ ಕಚ್ಚುತ್ತದೆ, ಕೆಸರನ್ನು ಚೆನ್ನಾಗಿ ಉದುರಿಸುತ್ತದೆ. ಆದರೆ ಅದರ ಹಿತ್ತಾಳೆಯ ಕ್ಲೀಟ್ ಬೇಗ ಸವೆಯುತ್ತದೆ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಕೊಂಡಿ ಇರುವ ಪೆಡಲು ಪೇಟೆಗೂ ಬೆಟ್ಟಕ್ಕೂ ಆಗುತ್ತದೆ. ನಾವು ಕೇಳಿದಲ್ಲಿ ಅದರ ಬೆಲೆ ಹೆಚ್ಚಿತ್ತು. ಶಿಮಾನೊದ ಎಂ520 ಎಂಬುದು ಜೋಡಿಗೆ ಸುಮಾರು 380 ಗ್ರಾಂ ತೂಗುವ, ಎರಡೂ ಮಗ್ಗುಲಿಗೆ ಕೊಂಡಿಯುಳ್ಳ ಸಾದಾ ಪೆಡಲು. ತುಟ್ಟಿ ಮಾದರಿಗಳ ಹಾಗೆ ಹಗುರವಲ್ಲ. ಆದರೆ ಒಳಗಿನ ಗುಂಡುಗಳಿಗೆ ಗ್ರೀಸು ಹಾಕಿ ಮತ್ತೆ ಬಿಗಿಯಬಹುದು. ನೂರು ಗ್ರಾಂ ಇಳಿಸಲು ಸಾವಿರಾರು ರೂಪಾಯಿ ತೆರುವುದಕ್ಕಿಂತ ಸಂಜೆಯ ಎರಡು ವಡೆ ಬಿಡುವುದು ಮೇಲೆಂದು ಇದನ್ನೇ ಗೊತ್ತುಮಾಡಿದೆವು.

ಹಣದ ಪ್ರಶ್ನೆ ಉಳಿಯಿತು. ಸ್ಕೂಟರನ್ನು ಮೂಲೆಗೆ ನಿಲ್ಲಿಸಿದೆವು. ಗಾಯ ಮಾಯ್ದ ಮೇಲೆ ಹಳೆಯ ಚಪ್ಪಟೆ ಪೆಡಲಿನಲ್ಲಿಯೇ ದಿನವೂ ಕಚೇರಿಗೆ ಹೋಗಿ, ಪೆಟ್ರೋಲಿನ ಹಣವನ್ನು ಒಂದು ಡಬ್ಬಿಯಲ್ಲಿ ಹಾಕುತ್ತ ಬಂದೆವು. ದೀಪಾವಳಿಗೆ ಧಾರವಾಡಕ್ಕೆ ಹೋಗಿಯೂ ಬಂದೆವು. ನವೆಂಬರ್ ಕೊನೆಗೆ ಡಬ್ಬಿಯಲ್ಲಿ 6,500 ರೂಪಾಯಿ ಇತ್ತು. ಪೆಡಲಿಗೆ 3,900 ಆಯಿತು. ಹೊಸ ಬೂಟಿಗೆ ಪೆಡಲಿಗಿಂತ ಹೆಚ್ಚು ಬೆಲೆ. ಹೊಸಬರು ಲೆಕ್ಕ ತಪ್ಪುವುದು ಇಲ್ಲಿಯೇ. ನಮ್ಮ ಪುಣ್ಯಕ್ಕೆ ಆ ಗೆಳೆಯರ ಹತ್ತಿರ ಬಳಸದೆ ಬಿದ್ದ, ನಮ್ಮ ಅಳತೆಯದೇ ಬೂಟು ಇತ್ತು. 1,500ಕ್ಕೆ ಕೊಟ್ಟರು.

ಪೆಡಲು ಕೂಡಿಸುವಾಗ ಒಂದು ಸಂಗತಿ ನೆನಪಿರಲಿ. ಎಡಗಡೆಯ ಪೆಡಲಿನ ಮರೆ ತಿರುವುಮುರುವು. ಎರಡೂ ಕಡೆ ಪಾನಾದ ಹಿಡಿಯನ್ನು ಮೇಲ್ಮುಖವಾಗಿಟ್ಟು ಮುಂದಿನ ಗಾಲಿಯ ಕಡೆಗೆ ದಬ್ಬಿದರೆ ಬಿಗಿ, ಹಿಂದಿನ ಗಾಲಿಯ ಕಡೆಗೆ ದಬ್ಬಿದರೆ ಸಡಿಲು. ಒಂಬತ್ತು ವರ್ಷದ ನಮ್ಮ ಮಗಳು ಇದನ್ನು ನಮಗಿಂತ ಬೇಗ ಕಲಿತಳು.

ಮೊದಲ ದಿನ ಅಂಗಳದಲ್ಲಿ ಗೋಡೆ ಹಿಡಿದು ಅಭ್ಯಾಸ ಮಾಡಿದೆವು. ಹತ್ತು ಸಲ ಸರಿಯಾಯಿತು. ಹನ್ನೊಂದನೆಯ ಸಲ ಗೋಡೆ ಬಿಟ್ಟು ನಿಂತಾಗ ಹಿಮ್ಮಡಿ ತಿರುಗಿಸಲು ಮರೆತು, ಸೈಕಲ್ಲಿನ ಸಮೇತ ಕಡಿದ ಬಾಳೆಗಿಡದಂತೆ ಮಗ್ಗುಲಾದೆವು. ಬಲಗಾಲು ಇನ್ನೂ ಕೊಂಡಿಯಲ್ಲಿಯೇ ಇತ್ತು. ಮಗಳು ನಗಲಿಲ್ಲ, ಅಳುಮೋರೆ ಮಾಡಿ ಓಡಿ ಬಂದು ಬೂಟಿನ ಪಟ್ಟಿ ಬಿಚ್ಚತೊಡಗಿದಳು. ಶ್ರೀಮತಿಯವರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಅನ್ನಲಿಲ್ಲ. ಅವರು ಮೊದಲೇ ಕೇಳಿದ್ದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಡಬ್ಬಿಯಲ್ಲಿ ಉಳಿದಿದ್ದ 1,100 ರೂಪಾಯಿಯಲ್ಲಿ. ಪೆಡಲಿನ ಜೊತೆ ಬಂದ ಎಸ್‌ಎಚ್51 ಎಂಬ ಕ್ಲೀಟ್ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಎಂಬುದು ಗಾಬರಿಯಲ್ಲಿ ಕಾಲನ್ನು ಓರೆಯಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ. ಅದನ್ನು ತಂದು ಹಾಕಿದೆವು. ಪೆಡಲಿನ ಚಿಕ್ಕ ಸ್ಕ್ರೂ ತಿರುಗಿಸಿ ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸಿದೆವು. ಮರುದಿನ ಶ್ರೀಮತಿಯವರ ಎದುರಿಗೆ ಬೇಕೆಂದೇ ಹುಲ್ಲಿನ ಮೇಲೆ ವಾಲಿದೆವು. ಕಾಲು ತಾನಾಗಿ ಹೊರಗೆ ಬಂದು ನೆಲ ಊರಿತು. "ಇನ್ನೊಮ್ಮೆ ಮಾಡ್ರಿ" ಎಂದರು. ಮೂರು ಸಲ ಮಾಡಿಸಿದ ಮೇಲೆ ಒಳಗೆ ಹೋಗಿ ಚಹಕ್ಕಿಟ್ಟರು.

ಈಗ ಕಚೇರಿಯ ದಿನಗಳಲ್ಲಿ ಹಳೆಯ ಚಪ್ಪಟೆ ಪೆಡಲು. ಶನಿವಾರ ರಾತ್ರಿ ಮಗಳು 15ರ ಪಾನಾ ಹಿಡಿದು ಕೊಂಡಿಯ ಪೆಡಲು ಕೂಡಿಸುತ್ತಾಳೆ. ಎರಡು ಕೆಲಸದ ತುಟ್ಟಿ ಪೆಡಲಿನ ಖರ್ಚು ಉಳಿಯಿತು. ಕ್ಲೀಟನ್ನು ವಾಂಕಾಗಿ ಕೂಡಿಸಿದರೆ ಮೊಳಕಾಲು ನೋಯುತ್ತದೆ. ಒಂದೆರಡು ವಾರ ಸವರಿಸಿ ನೋಡಬೇಕು. ಇಷ್ಟೇ ಎಚ್ಚರಿಕೆ.

ಸಂಘದ ಬಂಧುಗಳಲ್ಲಿ ಯಾರಿಗಾದರೂ ಕೊಳ್ಳುವ ಮುಂಚೆ ತುಳಿದು ನೋಡುವ ಮನಸ್ಸಿದ್ದರೆ ರವಿವಾರ ಮನೆಗೆ ಬರಬಹುದು. ನಮ್ಮ ಬೂಟಿನ ಅಳತೆ ಎಂಟು. ಬೀಳುವುದಕ್ಕೆ ಹುಲ್ಲೂ ಇದೆ, ಎದ್ದ ಮೇಲೆ ಚಹವೂ ಇದೆ.