ವೇಷ ವಿಂಡೋಸ್, ಒಳಗೆ ಲಿನಕ್ಸ್

‘ಚಿಕ್ಕಪ್ಪ, ಹೊಸ ವಿಂಡೋಸ್ ಹಾಕಿದೀನಿ. ಇನ್ನು ಚೆನ್ನಾಗಿ ಓಡ್ತದೆ ನೋಡಿ.’

ನಾನು ಹೇಳಿದ್ದು ಸುಳ್ಳು. ಅವರ ಒಳ್ಳೆಯದಕ್ಕೇ ಹೇಳಿದ ಸುಳ್ಳು ಎಂದುಕೊಂಡಿದ್ದೆ. ಮೂರು ವಾರ ಕಳೆಯುವುದರೊಳಗೆ ಅದು ನನಗೇ ತಿರುಗಿ ಬಡಿಯಿತು.

ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನದು ಪುಟ್ಟ ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಹೆಚ್ಚು ನಡೆಯುವುದು ಟೈಪಿಂಗ್. ತಹಶೀಲ್ದಾರರಿಗೆ ಅರ್ಜಿ, ಪಹಣಿ ತಿದ್ದುಪಡಿಗೆ ಮನವಿ, ಮದುವೆ ಕಾಗದ, ಊರಿನ ಯಕ್ಷಗಾನದ ಕರಪತ್ರ. ಇಪ್ಪತ್ತು ವರ್ಷದಿಂದ ‘ನುಡಿ’ಯಲ್ಲಿ ಟೈಪ್ ಮಾಡುತ್ತಿದ್ದಾರೆ. ಕೀಲಿಮಣೆಯತ್ತ ಕಣ್ಣು ಹಾಯಿಸುವುದೇ ಇಲ್ಲ. ಗಿರಾಕಿಯ ಮುಖ ನೋಡುತ್ತಾ, ಅಡಿಕೆ ರೇಟಿನ ಕತೆ ಕೇಳುತ್ತಾ ಬೆರಳು ಓಡಿಸುತ್ತಾರೆ.

ಅವರ ಕಂಪ್ಯೂಟರ್ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇವರದರಲ್ಲಿ ಇರಲಿಲ್ಲ. ಹೊಸದು ಕೊಳ್ಳುವಷ್ಟು ದುಡ್ಡು ಆ ಅಂಗಡಿಯಲ್ಲಿ ಹುಟ್ಟುವುದಿಲ್ಲ. ಸಾಗರದಲ್ಲಿ ಬಿಸಿಎ ಓದುತ್ತಿರುವ ನಾನು ದೀಪಾವಳಿ ರಜೆಗೆ ಹೊಸನಗರದ ಮನೆಗೆ ಬಂದವನು, ಪೆನ್‌ಡ್ರೈವ್ ಜೇಬಿಗಿಳಿಸಿ ತೀರ್ಥಹಳ್ಳಿ ಬಸ್ಸು ಹತ್ತಿದೆ.

ಲಿನಕ್ಸ್ ಮಿಂಟ್ ಹಾಕಲು ಅರ್ಧ ಗಂಟೆ ಸಾಕಾಯಿತು. ಅದಕ್ಕೆ ವಿಂಡೋಸಿನ ಮುಖ ತರಲು ಮಾತ್ರ ಅರ್ಧ ದಿನ ಕೂತೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಸ್ಟಾರ್ಟ್ ಬಟನ್, ಅದೇ ಹಳದಿ ಫೋಲ್ಡರ್, ಕಸದ ಬುಟ್ಟಿ, ಹಸಿರು ಗುಡ್ಡ ನೀಲಿ ಆಕಾಶದ ಚಿತ್ರ. ಫೋಟೊ ತೆಗೆದು ಹಾಸ್ಟೆಲ್ ಗೆಳೆಯರಿಗೆ ಕಳಿಸಿದೆ. ‘ಗೊತ್ತೇ ಆಗಲ್ಲ ಮಗಾ!’ ಎಂದು ಬೆನ್ನು ತಟ್ಟಿದರು. ಲಿನಕ್ಸ್ ಅಂದರೆ ಚಿಕ್ಕಪ್ಪ ಹೆದರುತ್ತಾರೆ, ಹೇಳದಿದ್ದರೆ ಹೆದರುವುದಿಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು.

ನವೆಂಬರಿನ ಒಂದು ಸಂಜೆ ಹಾಸ್ಟೆಲಿಗೆ ಫೋನ್ ಬಂತು. ಚಿಕ್ಕಪ್ಪನ ದನಿ ಸಣ್ಣದಾಗಿತ್ತು. ‘ನಾನು ಎಂತದೋ ಒತ್ತಿ ಕಂಪ್ಯೂಟರ್ ಹಾಳು ಮಾಡಿಬಿಟ್ಟೆ ಮಾರಾಯ. ಹಳೇ ಫೈಲೆಲ್ಲ ಹೋಯ್ತು ಕಾಣ್ತದೆ. ಬೆರಳೂ ಸರಿ ಓಡ್ತಿಲ್ಲ. ವಯಸ್ಸಾಯ್ತೇನೋ.’

ಮಾರನೇ ದಿನ ಹೋದಾಗ ನಡೆದದ್ದು ಗೊತ್ತಾಯಿತು. ಮೊದಲ ಎರಡು ವಾರ ಬರೀ ಜೆರಾಕ್ಸ್, ಪ್ರಿಂಟ್ ಕೆಲಸವಿತ್ತು. ಆಮೇಲೆ ಹಳ್ಳಿಯಿಂದ ಬಂದ ಅಜ್ಜರೊಬ್ಬರು ಅರ್ಜಿ ಟೈಪ್ ಮಾಡಿಸಲು ಕೂತರು. ಅಂದೇ ಕೊನೆಯ ದಿನ. ‘ಮಾನ್ಯರೇ’ ಎಂದು ಶುರು ಮಾಡಲು ಚಿಕ್ಕಪ್ಪ ‘ಎಂ’ ಕೀಲಿ ಒತ್ತಿದರು. ತೆರೆಯ ಮೇಲೆ ‘ಸ’ ಬಂತು. ‘ನ’ಗೆ ‘ಎನ್’ ಒತ್ತಿದರೆ ‘ಲ’. ಒತ್ತಕ್ಷರಕ್ಕೆಂದು ‘ಎಫ್’ ಒತ್ತಿದರೆ ಗುಡಿಸು. ನುಡಿಯನ್ನೇ ಮತ್ತೆ ಹಾಕೋಣವೆಂದು ಹಳೆಯ ಪೆನ್‌ಡ್ರೈವ್ ಹುಡುಕಿ ಒತ್ತಿದರೆ ಅದು ತೆರೆಯಲೇ ಇಲ್ಲ. ಹಳೆಯ ಅರ್ಜಿಯೊಂದನ್ನು ತಿದ್ದಿ ಕೊಡೋಣವೆಂದರೆ ‘ಡಿ ಡ್ರೈವ್’ ಕಾಣೆ. ಅಜ್ಜ ಬೇರೆ ಅಂಗಡಿಗೆ ಹೋದರು, ಅಲ್ಲಿ ಸಾಲು ಇತ್ತು. ಅವರ ಅರ್ಜಿ ಅಂದು ಕಚೇರಿ ಮುಟ್ಟಲಿಲ್ಲ.

ಕಂಪ್ಯೂಟರ್ ಹಾಳಾಗಿರಲಿಲ್ಲ. ಲಿನಕ್ಸಿನಲ್ಲಿ ಸಿ, ಡಿ ಎಂಬ ಡ್ರೈವುಗಳಿಲ್ಲ. ಫೈಲುಗಳೆಲ್ಲ ಅವರ ಹೆಸರಿನ ಫೋಲ್ಡರಿನಲ್ಲಿ ಭದ್ರವಾಗಿದ್ದವು. ವಿಂಡೋಸಿಗೆಂದು ಮಾಡಿದ ತಂತ್ರಾಂಶ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಕನ್ನಡ ಎಂದು ನಾನು ಆರಿಸಿದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಚಿಕ್ಕಪ್ಪನ ಬೆರಳಿಗೆ ಗೊತ್ತಿದ್ದದ್ದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆ. ಅರ್ಧ ದಿನ ಕೂತು ಬಣ್ಣ ಹಚ್ಚಿದವನು ಇದೊಂದನ್ನು ವಿಚಾರಿಸಲೇ ಇಲ್ಲ.

ನಿಜ ಒಪ್ಪಿಕೊಂಡೆ. ಚಿಕ್ಕಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವೇಷ ಕಟ್ಟಿ ರಂಗಸ್ಥಳಕ್ಕೆ ಬಿಟ್ಟ ಮೇಲೆ ಅರ್ಥವನ್ನೂ ಅದೇ ಪಾತ್ರದ್ದು ಹೇಳಬೇಕಲ್ಲನಾ? ಅದು ಬೇರೆ ಅಂತ ಒಂದು ಮಾತು ಹೇಳಿದ್ದರೆ ನಾನು ಬೇರೆ ಥರ ಹುಡುಕ್ತಿದ್ದೆ. ಎರಡು ದಿನ ನಂಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ’ ಎಂದರು. ಬೈದಿದ್ದರೇ ವಾಸಿಯಿತ್ತು.

ಹಾಸ್ಟೆಲಿನಲ್ಲಿ ಈ ವಿಷಯಕ್ಕೆ ದೊಡ್ಡ ವಾದವೇ ನಡೆಯಿತು. ‘ಲಿನಕ್ಸ್‌ಗೆ ತನ್ನದೇ ಮುಖ ಇರಬೇಕು, ಇನ್ನೊಬ್ಬರದ್ದನ್ನು ನಕಲು ಮಾಡುವುದೇ ತಪ್ಪು’ ಎಂದ ನನ್ನ ರೂಮ್‌ಮೇಟ್. ಅದೂ ಪೂರ್ತಿ ಸರಿಯಲ್ಲ ಅನ್ನಿಸಿತು. ಕಂಪ್ಯೂಟರ್ ತೆರೆಯ ಇತಿಹಾಸವೇ ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದ್ದು. ಕಿಟಕಿಗಳು, ಮೌಸ್ ಎಲ್ಲ ಇದ್ದ ‘ಆಲ್ಟೊ’ ಕಂಪ್ಯೂಟರನ್ನು ಜೆರಾಕ್ಸ್ ಕಂಪನಿಯ ಸಂಶೋಧಕರು 1973ರಲ್ಲೇ ರೂಪಿಸಿದ್ದರು. ಆ್ಯಪಲ್‌ನ ಮ್ಯಾಕಿಂಟಾಷ್ ಬಂದದ್ದು 1984ರಲ್ಲಿ. ವಿಂಡೋಸ್ ನಮ್ಮದರ ನಕಲು ಎಂದು 1988ರಲ್ಲಿ ಆ್ಯಪಲ್ ಕೋರ್ಟಿಗೆ ಹೋಯಿತು, ಗೆಲ್ಲಲಿಲ್ಲ.

ಹೊಸ ಮುಖವನ್ನು ಜನ ಸುಲಭಕ್ಕೆ ಒಪ್ಪುವುದೂ ಇಲ್ಲ. 2011ರಲ್ಲಿ ಲಿನಕ್ಸಿನ ಗ್ನೋಮ್ ತನ್ನ ರೂಪವನ್ನೇ ಬದಲಿಸಿತು. ಹಳೆಯ ರೀತಿಯೇ ಬೇಕೆಂದವರಿಗಾಗಿ ಲಿನಕ್ಸ್ ಮಿಂಟ್ ತಂಡ ‘ಸಿನಮನ್’ ಮಾಡಿತು. ಮರುವರ್ಷ ಮೈಕ್ರೋಸಾಫ್ಟ್ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆಯಿತು. ಜನ ಗೊಣಗಿದರು, 2013ರಲ್ಲಿ 8.1 ಬಂದಾಗ ಬಟನ್ ಮೂಲೆಗೆ ವಾಪಸಾಯಿತು. ಅಂದರೆ ಆ ಬಟನ್ ಕಂಪನಿಯ ಸ್ವತ್ತಾಗಿ ಉಳಿದಿಲ್ಲ, ಜನರ ಅಭ್ಯಾಸವಾಗಿದೆ. ಅಭ್ಯಾಸಕ್ಕೆ ಬೆಲೆ ಕೊಡುವುದು ನಕಲಲ್ಲ.

ಆದರೆ ಹೆಸರನ್ನೂ ಎರವಲು ತಂದರೆ ಕತೆಯೇ ಬೇರೆ. 2001ರಲ್ಲಿ ‘ಲಿಂಡೋಸ್’ ಎಂಬ ಲಿನಕ್ಸ್ ಬಂತು. ವಿಂಡೋಸ್ ತಂತ್ರಾಂಶಗಳೂ ಇದರಲ್ಲಿ ನಡೆಯುತ್ತವೆ ಎಂಬ ಆಸೆ ಹುಟ್ಟಿಸಿ, ಆಮೇಲೆ ಆ ಮಾತಿನಿಂದ ಹಿಂದೆ ಸರಿಯಿತು. ಹೆಸರಿನ ಬಗ್ಗೆ ಮೈಕ್ರೋಸಾಫ್ಟ್ ಕೇಸು ಹಾಕಿತು. ಕೊನೆಗೆ 2004ರಲ್ಲಿ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಲಿಂಡೋಸ್ ‘ಲಿನ್‌ಸ್ಪೈರ್’ ಆಯಿತು. ಉಳಿಸಿಕೊಳ್ಳಲಾಗದ ಮಾತನ್ನು ವೇಷದ ಮೂಲಕ ಕೊಟ್ಟ ನಾನೂ ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಲಿಂಡೋಸ್ ನಡೆಸಿದ್ದೆ.

ಹಾಗಾದರೆ ಹೊಸಬರಿಗೆ ಯಾವ ಮುಖ ಕೊಡಬೇಕು? ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು. ಹೊಸನಗರದಲ್ಲಿ ಒಂಬತ್ತನೇ ತರಗತಿ ಓದುವ ತಂಗಿಗೆ ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಅದರಲ್ಲಿರುವುದು ಯಾವ ವೇಷವೂ ಇಲ್ಲದ ಉಬುಂಟು. ಅವಳು ಒಂದು ದಿನವೂ ‘ಸ್ಟಾರ್ಟ್ ಎಲ್ಲಿ’ ಎಂದು ಕೇಳಿಲ್ಲ, ಯಾಕೆಂದರೆ ಅವಳು ವಿಂಡೋಸ್ ಬಳಸಿದವಳೇ ಅಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆದಿದೆ. ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ ಮಕ್ಕಳಿಗೆ ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಸಿತು. 2017ರಲ್ಲಿ ‘ಕೈಟ್’ ಆದ ಮೇಲೂ ಉಬುಂಟು ಆಧರಿಸಿದ ತನ್ನದೇ ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹೀಗೆಯೇ ಕಲಿಯುತ್ತಾರೆ. ಕಂಪ್ಯೂಟರ್ ಎಂದರೆ ಅವರು ಮೊದಲು ಕಾಣುವುದೇ ಲಿನಕ್ಸ್. ಅವರಿಗೆ ಇನ್ನೊಂದರ ವೇಷ ಯಾಕೆ ಬೇಕು?

ಇಪ್ಪತ್ತು ವರ್ಷದ ಅಭ್ಯಾಸ ಇರುವ ಚಿಕ್ಕಪ್ಪನಿಗೆ ಮಾತ್ರ ಅನುಕರಣೆ ಬೇಕೇಬೇಕು. ಆದರೆ ಅದು ಇರಬೇಕಾದದ್ದು ಗೋಡೆಚಿತ್ರದಲ್ಲಲ್ಲ, ಬೆರಳ ತುದಿಯಲ್ಲಿ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ಇನ್ನೊಂದು ಆಯ್ಕೆ ಇದೆ. ಅದನ್ನು ಹಾಕಿದೆ. ‘ಎಂ’ ಒತ್ತಿದರೆ ‘ಮ’ ಬಂತು, ‘ಎಫ್’ಗೆ ಒತ್ತಕ್ಷರ ಬಂತು. ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸಲು ಅವರು ಒತ್ತುತ್ತಿದ್ದದ್ದು ಸ್ಕ್ರೋಲ್ ಲಾಕ್ ಕೀಲಿ. ಇಲ್ಲೂ ಅದೇ ಕೀಲಿಗೆ ಆ ಕೆಲಸ ವಹಿಸಿದೆ. ಹಳೆಯ ಕಡತಗಳಿಗೆ ಬೇಕಾದ ನುಡಿ ಫಾಂಟ್ ಸೇರಿಸಿದೆ, ಯೂನಿಕೋಡಿಗೆ ಪರಿವರ್ತಿಸುವುದನ್ನು ತೋರಿಸಿದೆ. ಡೆಸ್ಕ್‌ಟಾಪಿನಲ್ಲಿ ‘ಹಳೆಯ ಡಿ ಡ್ರೈವ್’ ಎಂಬ ಫೋಲ್ಡರನ್ನೂ ಇಟ್ಟೆ. ಒಟ್ಟು ಒಂದು ಗಂಟೆಯ ಕೆಲಸ.

ಹಸಿರು ಗುಡ್ಡದ ಚಿತ್ರ ತೆಗೆಯಲಾ ಎಂದು ಕೇಳಿದೆ. ‘ಚಂದ ಇದೆ, ಇರ್ಲಿ. ಆ ಸ್ಟಾರ್ಟ್ ಬಟನ್ ಮೇಲಿನ ಗುರುತು ತೆಗಿ’ ಎಂದರು. ಈಗ ಅಲ್ಲಿ ಮಿಂಟ್‌ನ ಹಸಿರು ಗುರುತಿದೆ.

ನಿಮ್ಮ ಮನೆಯಲ್ಲೂ ಹಳೆಯ ಕಂಪ್ಯೂಟರ್ ಇರಬಹುದು. ಲಿನಕ್ಸ್ ಹಾಕಿಕೊಡಿ, ಖಂಡಿತ ಹಾಕಿಕೊಡಿ. ಅದಕ್ಕೂ ಮೊದಲು ಹತ್ತು ನಿಮಿಷ ಅವರ ಪಕ್ಕ ಕೂತು, ಯಾವ ಕೀಲಿ ಒತ್ತುತ್ತಾರೆ, ಫೈಲನ್ನು ಎಲ್ಲಿ ಹುಡುಕುತ್ತಾರೆ ಎಂದು ನೋಡಿ. ಹಾಕಿದ್ದು ಏನೆಂದು ಅವರಿಗೆ ಹೇಳಿ. ದೊಡ್ಡವರು ಹೊಸದಕ್ಕೆ ಹೆದರುತ್ತಾರೆ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ.

ಆ ಅಜ್ಜ ಆಮೇಲೆ ಇನ್ನೊಮ್ಮೆ ಬಂದರಂತೆ, ತಡವಾದದ್ದಕ್ಕೆ ಕಾರಣ ಬರೆದು ಹೊಸ ಅರ್ಜಿ ಮಾಡಿಸಲು. ಚಿಕ್ಕಪ್ಪ ದುಡ್ಡು ತೆಗೆದುಕೊಳ್ಳಲಿಲ್ಲ. ‘ಕಂಪ್ಯೂಟರ್ ಸರಿಯಾಯ್ತಾ?’ ಎಂದು ಅಜ್ಜ ಕೇಳಿದ್ದಕ್ಕೆ, ‘ಇದು ಲಿನಕ್ಸ್ ಅಂತ, ವಿಂಡೋಸ್ ಅಲ್ಲ. ಅದಕ್ಕೆ ಏನೂ ಆಗಿರಲಿಲ್ಲ’ ಎಂದರಂತೆ. ನನ್ನ ಹೆಸರು ಹೇಳಲಿಲ್ಲವಂತೆ.